ಪ್ರೌಢಶಾಲೆಯ ಮಕ್ಕಳೂ ಪ್ರಬಂಧ ರಚನೆಯೂ

"ಹಸುವು ಒಂದು ಸಾಧುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳೂ ಎರಡು ಕೊಂಬುಗಳೂ ಉಂಟು." ಹಸುವಿನ ಮೇಲೆ ಪ್ರಬಂಧ ಬರೆಯಿರೆಂದು ಎಂಟನೆಯ ತರಗತಿಗೆ ಹೇಳಿದರೆ, ಮುಕ್ಕಾಲು ಪಾಲು ಪುಸ್ತಕಗಳು ಹೀಗೆಯೇ ಆರಂಭವಾಗುತ್ತವೆ. ಬರೆದವರಲ್ಲಿ ಅನೇಕರು ಅಂದು ಬೆಳಗ್ಗೆ ಹಸುವಿಗೆ ಮೇವು ಹಾಕಿಯೇ ಶಾಲೆಗೆ ಬಂದವರು. ಆದರೂ ಆ ಹಸುವಿನ ಬಣ್ಣವೇನು, ಅದು ಯಾರನ್ನು ಹತ್ತಿರ ಸೇರಿಸದು, ಮೇವಿಲ್ಲದ ಬೇಸಗೆಯಲ್ಲಿ ಅದನ್ನು ಹೇಗೆ ಉಳಿಸಿಕೊಂಡರು ಎಂಬ ಒಂದು ಮಾತೂ ಅಲ್ಲಿರುವುದಿಲ್ಲ. ಕಣ್ಣು ಕಂಡದ್ದು ಲೇಖನಿಗೆ ಇಳಿಯಲಿಲ್ಲ. ಗೈಡಿನಲ್ಲಿದ್ದುದು ಮಾತ್ರ ಇಳಿಯಿತು. ಈ ದೋಷವು ಮಕ್ಕಳದಲ್ಲ, ಕಲಿಸುವ ನಮ್ಮದು.

ನಮ್ಮ ಸೀಮೆಯ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಕರ್ನೂಲು ಜಿಲ್ಲೆಯ ಭಾಗವಾದವು. ಅಂದಿನಿಂದ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಎರಡೂ ಎಂಬಂತೆ ನಮ್ಮ ಬಾಳು ಸಾಗಿದೆ. ತೆಲುಗಿನಲ್ಲಿ ಅಕ್ಕ ಬಂದರೂ 'ವಚ್ಚಿಂದಿ', ಆವು ಬಂದರೂ 'ವಚ್ಚಿಂದಿ'. ಆ ರೂಢಿಯಲ್ಲಿ ಬೆಳೆದ ಮಗು "ಅಕ್ಕ ಬಂತು" ಎಂದು ಬರೆದರೆ ನಗಬಾರದು. ಕನ್ನಡದಲ್ಲಿ 'ಬಂದಳು', 'ಬಂತು' ಎಂಬ ಭೇದವುಂಟೆಂದು ತಿಳಿಸಬೇಕು. ತೆಲುಗಿನ ಪಾಲು, ಪುಲಿ, ಪಾಮುಗಳು ನಮ್ಮ ಹಾಲು, ಹುಲಿ, ಹಾವುಗಳಾಗಿವೆ. ಹಳಗನ್ನಡದಲ್ಲಿ ಇವೂ ಪಕಾರದಿಂದಲೇ ಆರಂಭವಾಗುತ್ತಿದ್ದವು. ಎರಡು ಭಾಷೆ ಬಲ್ಲ ಮಗುವಿಗೆ ಇದೊಂದು ಭಾಗ್ಯವೇ ಹೊರತು ಕೊರತೆಯಲ್ಲ.

ಹಾಗಾದರೆ ಪ್ರಬಂಧವನ್ನು ಕಲಿಸುವುದೆಂತು? ಮೊದಲು ಮಾತು, ಅನಂತರ ಬರಹ. ವಿಷಯವನ್ನು ಕೊಟ್ಟೊಡನೆ ಪುಸ್ತಕ ತೆರೆಯಿಸದೆ, ಹತ್ತು ನಿಮಿಷ ಮಕ್ಕಳಿಂದ ಮಾತನಾಡಿಸಬೇಕು. ಅವರು ಆಡಿದ ಮಾತುಗಳಲ್ಲಿ ಮುಖ್ಯವಾದವನ್ನು ಕಪ್ಪುಹಲಗೆಯ ಮೇಲೆ ಬರೆದು, "ಇದರಲ್ಲಿ ಮೊದಲು ಯಾವುದು? ಕೊನೆಗೆ ಯಾವುದು?" ಎಂದು ಅವರನ್ನೇ ಕೇಳಬೇಕು. ಹೀಗೆ ಕ್ರಮ ಗೊತ್ತಾದ ಮೇಲೆ, ಒಂದೊಂದು ಅಂಶಕ್ಕೆ ಒಂದೊಂದು ಪರಿಚ್ಛೇದದಂತೆ ಬರೆಯಿಸಬೇಕು. ತಿದ್ದುವಾಗಲೂ ಮಿತಿಯಿರಬೇಕು. ಪುಟದ ತುಂಬ ಕೆಂಪು ಗೆರೆಗಳನ್ನು ಕಂಡ ಮಗು ಮರುವಾರ ಐದೇ ವಾಕ್ಯ ಬರೆಯುತ್ತದೆ. ಕಡಮೆ ಬರೆದರೆ ತಪ್ಪೂ ಕಡಮೆಯೆಂಬುದು ಅದರ ಲೆಕ್ಕ. ಆದ್ದರಿಂದ ಒಂದು ಸಲಕ್ಕೆ ಎರಡು ಮೂರು ಬಗೆಯ ತಪ್ಪುಗಳನ್ನಷ್ಟೇ ತೋರಿಸಿ, ಅದನ್ನೇ ಮತ್ತೊಮ್ಮೆ ಬರೆಯಿಸುವುದು ಲೇಸು.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಎರಡು ತಿಂಗಳು ಹಾಗೆ ಹೋಗಿ ಬಂದ ಬಾಲಕಿಯೊಬ್ಬಳು, 'ನಾನು ಮಾಡಿದ ಪ್ರವಾಸ' ಎಂಬ ವಿಷಯಕ್ಕೆ ಬರಿಯ ಪುಟವನ್ನಿಟ್ಟುಕೊಂಡು ಕುಳಿತಿದ್ದಳು. "ನಾನು ಪ್ರವಾಸ ಹೋಗಿಲ್ಲ ಸಾರ್" ಎಂದಳು. "ಇಷ್ಟು ದಿನ ಎಲ್ಲಿದ್ದೆ ತಾಯಿ?" ಎಂದು ಕೇಳಿದೆ. ರಾತ್ರಿಯೆಲ್ಲಾ ಉರಿಯುವ ಬೆರಳುಗಳು, ಆ ಬೆರಳಿಂದ ಮುಟ್ಟಿದ್ದಕ್ಕೆ ಅತ್ತ ತಮ್ಮ, ತೂಕದ ಹೊತ್ತಿಗೆ ಮಾತಿಲ್ಲದೆ ನಿಲ್ಲುವ ಅಪ್ಪ, ಇವೆಲ್ಲ ಒಂದೊಂದಾಗಿ ಹೊರಬಂದವು. ಅವನ್ನೇ ಬರೆಯೆಂದೆ. ಒಂದೂವರೆ ಪುಟ ಬರೆದಳು. ತಪ್ಪುಗಳು ಹದಿನಾಲ್ಕಿದ್ದವು, ನಾನು ಮೂರನ್ನು ಗುರುತಿಸಿದೆ. ಓದಿದಾಗ ತರಗತಿ ನಿಶ್ಶಬ್ದವಾಯಿತು. ಮನೆಯಲ್ಲಿಯೂ ಅದನ್ನು ಓದಿ ಹೇಳಿದಳಂತೆ. ಮರುವರ್ಷ ಅವಳ ತಂದೆಯವರು ಅವಳನ್ನು ಅಜ್ಜಿಯ ಬಳಿ ಬಿಟ್ಟು ಹೋದರು. ಅದು ಪ್ರಬಂಧದ ಫಲವೆಂದು ನಾನು ಹೇಳಲಾರೆ. ಆದರೆ ತನ್ನ ಕಷ್ಟವನ್ನು ಕ್ರಮವಾಗಿ ಹೇಳಬಲ್ಲ ಮಗುವಿನ ಮಾತನ್ನು ಹಿರಿಯರು ಕೇಳುತ್ತಾರೆಂಬುದನ್ನು ಅಂದು ಕಂಡೆ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಸ್ವಂತ ವಾಕ್ಯ ಬರೆದರೆ ಅಂಕ ಹೋದೀತೆಂದು ಅಂಜಿ ಗೈಡುಗಳನ್ನು ಕೊಂಡು ಕೊಡಬೇಡಿರಿ. ಬಾಯಿಪಾಠದ ಪ್ರಬಂಧವು ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಬಿಡುತ್ತದೆ; ಬರೆಯುವ ಅಭ್ಯಾಸ ಕೈಬಿಡದು. ಸಂಜೆ ದೀಪ ಹಚ್ಚಿದ ಮೇಲೆ, "ಈ ದಿನ ಏನು ಕಂಡೆ?" ಎಂದು ಕೇಳಿ, ಹೇಳಿದ್ದನ್ನು ಐದು ಸಾಲು ಬರೆಯಿಸಿರಿ. ಅಕ್ಷರ ಬಾರದ ತಾಯಂದಿರೂ ಈ ಕೆಲಸ ಮಾಡಬಲ್ಲರು; ಮಗು ಓದಿದ್ದು ತಮಗೆ ಅರ್ಥವಾಯಿತೇ ಇಲ್ಲವೇ ಎಂದು ಹೇಳಿದರೆ ಸಾಕು.

ವಿದ್ಯಾರ್ಥಿಗಳೇ, ಈ ಗಡಿಯಲ್ಲಿ ಕನ್ನಡವು ಉಳಿಯುವುದು ಆಡುವವರಿಂದ ಮಾತ್ರವಲ್ಲ, ಬರೆಯುವವರಿಂದಲೂ ಹೌದು. ನಿಮ್ಮ ಊರಿನ ಹತ್ತಿ ಹೊಲವನ್ನೂ ತುಂಗಭದ್ರೆಯ ಕಾಲುವೆಯನ್ನೂ ಕುರಿತು ನೀವು ಬರೆಯದಿದ್ದರೆ ಇನ್ನಾರು ಬರೆದಾರು? ಇಂದೇ ಐದು ಸಾಲು ಬರೆಯಿರಿ. ನಾಳೆ ತರಗತಿಗೆ ತನ್ನಿರಿ.