ಸೋರುವ ಹೃದಯ ಕವಾಟ: ಕಾಲ ಮೀರುವ ಮುನ್ನ ಚಿಕಿತ್ಸೆ

ಹೃದಯದ ನಾಲ್ಕು ಕವಾಟಗಳು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತ, ರಕ್ತವು ಒಂದೇ ದಿಕ್ಕಿನಲ್ಲಿ ಹರಿಯುವಂತೆ ಕಾಯುತ್ತವೆ. ಎಡಭಾಗದ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ಇರುವ ಮಿಟ್ರಲ್ ಕವಾಟವು ಸರಿಯಾಗಿ ಮುಚ್ಚದಿದ್ದಲ್ಲಿ, ದೇಹಕ್ಕೆ ಸಲ್ಲಬೇಕಾದ ರಕ್ತದ ಒಂದು ಪಾಲು ಹಿಂದಕ್ಕೆ ಹರಿಯುತ್ತದೆ. ಇದೇ ಕವಾಟದ ಸೋರಿಕೆ.

ನಮ್ಮ ದೇಶದಲ್ಲಿ ಇದಕ್ಕೆ ಪ್ರಮುಖ ಕಾರಣ ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರ. ಗಂಟಲಿನ ಸೋಂಕಿನ ತರುವಾಯ ಕೀಲುಗಳು ಬಾತು ಜ್ವರ ಬಂದ ಮಕ್ಕಳನ್ನು ಅಲಕ್ಷಿಸಬಾರದು. ವಯಸ್ಸಾದವರಲ್ಲಿ ಕವಾಟವನ್ನು ಹಿಡಿದಿರುವ ತಂತುಗಳು ಸಡಿಲಗೊಂಡು ಅಥವಾ ತುಂಡಾಗಿ ಸೋರಿಕೆ ಉಂಟಾಗುವುದು.

ಈ ವ್ಯಾಧಿಯು ಬಹುಕಾಲ ಮೌನವಾಗಿರುತ್ತದೆ. ಹೃದಯವು ಹಿಗ್ಗಿಕೊಂಡು ಹೆಚ್ಚಿನ ಹೊರೆಯನ್ನು ಹೊರುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು, ಮಲಗಿದಾಗ ಉಸಿರುಗಟ್ಟುವಿಕೆ, ಎದೆಬಡಿತದ ಏರುಪೇರು, ಕಾಲುಬಾವು ಕಾಣಿಸುವ ಹೊತ್ತಿಗೆ ಹೃದಯದ ಮಾಂಸಖಂಡ ಬಳಲಿರಬಹುದು. ಆದ್ದರಿಂದ ಸೋರಿಕೆ ತೀವ್ರವಾಗಿದ್ದು, ಎಕೋ ಪರೀಕ್ಷೆಯಲ್ಲಿ ರಕ್ತವನ್ನು ಹೊರದೂಡುವ ಪ್ರಮಾಣ ಶೇ. 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಸಂಕುಚಿಸಿದ ಎಡ ಹೃತ್ಕುಕ್ಷಿಯ ವ್ಯಾಸ 40 ಮಿಲಿಮೀಟರ್ ಮುಟ್ಟಿದ್ದರೆ, ರೋಗಿಗೆ ಯಾವ ತೊಂದರೆ ಇಲ್ಲದಿದ್ದರೂ ತಜ್ಞರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವರು.

ಹಿಂದೆ ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟ ಕೂರಿಸುವುದೇ ರೂಢಿಯಾಗಿತ್ತು. ಫ್ರಾನ್ಸಿನ ಶಸ್ತ್ರವೈದ್ಯ ಅಲೆನ್ ಕಾರ್ಪೆಂಟಿಯರ್ ಅವರು ರೋಗಿಯ ಸ್ವಂತ ಕವಾಟವನ್ನೇ ದುರಸ್ತಿ ಮಾಡಿ, ಸುತ್ತಲೂ ಬಳೆಯಂಥ ಉಂಗುರ ಹೊಲಿಯುವ ವಿಧಾನವನ್ನು ರೂಪಿಸಿ 1983ರಲ್ಲಿ ವಿವರವಾಗಿ ಪ್ರಕಟಿಸಿದರು. ತಂತುಗಳ ಸಡಿಲಿಕೆಯಿಂದಾದ ಸೋರಿಕೆಯಲ್ಲಿ, ಹೃದಯ ದುರ್ಬಲಗೊಳ್ಳುವ ಮೊದಲೇ ನುರಿತವರಿಂದ ದುರಸ್ತಿಯಾದರೆ ಆಯುಷ್ಯವು ಹೆಚ್ಚುಕಡಿಮೆ ಸಮವಯಸ್ಕರಂತೆಯೇ ಇರುತ್ತದೆ. ರುಮ್ಯಾಟಿಕ್ ವ್ಯಾಧಿಯಲ್ಲಿ ಕವಾಟ ದಪ್ಪಗಟ್ಟಿ ಸೆಡೆತಿರುವುದರಿಂದ ದುರಸ್ತಿ ಕಠಿಣ. ಹಲವರಿಗೆ ಕೃತಕ ಕವಾಟವೇ ಅನಿವಾರ್ಯ. ಲೋಹ-ಕಾರ್ಬನ್ನಿನ ಕವಾಟ ಬಹುಕಾಲ ಬಾಳುವುದಾದರೂ ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸಬೇಕು. ಪ್ರಾಣಿಜನ್ಯ ಕವಾಟವು ಕಾಲಕ್ರಮೇಣ ಸವೆಯುತ್ತದೆ.

ಅರ್ಜುನದ ಕಷಾಯದಿಂದ ಸೋರಿಕೆ ನಿಲ್ಲದೇ ಎಂದು ಭಕ್ತರು ಕೇಳುವುದುಂಟು. ತುಂಡಾದ ತಂತುವನ್ನು ಯಾವ ಕಷಾಯವೂ ಜೋಡಿಸಲಾರದು. ಚರಕ ಸಂಹಿತೆಯು ಹೃದಯವನ್ನು ಮೂರು ಪ್ರಧಾನ ಮರ್ಮಗಳಲ್ಲಿ ಒಂದೆಂದು ಎಣಿಸಿದೆ. ಪಕ್ವವಾದ ಗುಲ್ಮದ ಚಿಕಿತ್ಸೆಯನ್ನು ಶಸ್ತ್ರವೈದ್ಯರಾದ ಧಾನ್ವಂತರೀಯರಿಗೆ ಬಿಟ್ಟುಕೊಟ್ಟಿದೆ. ತನ್ನ ಎಲ್ಲೆಯನ್ನು ಅರಿತು ರೋಗಿಯನ್ನು ಸಕಾಲದಲ್ಲಿ ಕಳುಹಿಸುವುದೂ ಆಯುರ್ವೇದದ ಧರ್ಮವೇ ಆಗಿದೆ.

ಶಸ್ತ್ರಚಿಕಿತ್ಸೆಯ ತರುವಾಯವೂ ಎಚ್ಚರ ಅವಶ್ಯ. ವಾರ್ಫರಿನ್ ಸೇವಿಸುವವರು ನಿಯತವಾಗಿ ರಕ್ತಪರೀಕ್ಷೆ ಮಾಡಿಸಬೇಕು. ಸೊಪ್ಪಿನ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರಿಳಿಸಬಾರದು. ಗರ್ಭ ಧರಿಸಬಯಸುವ ಸ್ತ್ರೀಯರು ಮೊದಲೇ ಹೃದಯತಜ್ಞರನ್ನು ಕಾಣಬೇಕು, ಏಕೆಂದರೆ ಈ ಮಾತ್ರೆ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯವನ್ನು ದಂತವೈದ್ಯರಿಗೆ ತಿಳಿಸಬೇಕು. ರುಮ್ಯಾಟಿಕ್ ವ್ಯಾಧಿಯವರು ಪೆನಿಸಿಲಿನ್ ಚುಚ್ಚುಮದ್ದನ್ನು ತಾವಾಗಿ ನಿಲ್ಲಿಸಬಾರದು. ಹೃದಯವೈದ್ಯರಿಗೆ ತಿಳಿಸದೆ ಯಾವ ಹೊಸ ಔಷಧಿಯನ್ನೂ ಸೇವಿಸಬಾರದು. ನಮ್ಮ ಆಯುರ್ವೇದದ ಚೂರ್ಣ, ಕಷಾಯಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.