ಇಳಿವಯಸ್ಸಿಗೊಂದು ಸೂರು: ಬಡ ಉಮ್ಮಂದಿರ ಪಾಲೆಲ್ಲಿ?



ಬಿ.ಸಿ. ರೋಡಿನಿಂದ ಬೆಳ್ತಂಗಡಿಗೋ ಮೂಡುಬಿದಿರೆಗೋ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಹೊರಗೆ ನೋಡಿ. ಗಲ್ಫಿನ ದುಡಿಮೆಯಿಂದ ಎದ್ದ ದೊಡ್ಡ ಮನೆಗಳು ಕಾಣುತ್ತವೆ. ಎಷ್ಟೋ ಮನೆಗಳೊಳಗೆ ಇರುವುದು ವಯಸ್ಸಾದ ಉಮ್ಮ ಒಬ್ಬರೇ. ಅದೇ ರಸ್ತೆಯ ಒಳದಾರಿಯಲ್ಲಿ, ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿ ಈಗ ಬಾಡಿಗೆ ಕೋಣೆಯಲ್ಲಿರುವ ವಿಧವೆಯೂ ಇದ್ದಾರೆ. ಇಬ್ಬರಿಗೂ ಮುಪ್ಪು ಬಂದಿದೆ. ಆದರೆ ಇಬ್ಬರಿಗೂ ಒಂದೇ ದಾರಿಯಿಲ್ಲ.

ಹಣವಿದ್ದವರಿಗೆ ಈಗ ಹಿರಿಯರ ವಸತಿ ಸಂಕೀರ್ಣಗಳಿವೆ. ನಿಮ್ಮ ಮನೆಯವರು ಅಂಥದ್ದಕ್ಕೆ ಮುಂಗಡ ಕೊಡುವ ಮೊದಲು ಕೆಲವು ವಿಷಯ ವಿಚಾರಿಸಿ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು, ಮನೆಗಳೂ ಎಂಟಕ್ಕಿಂತ ಹೆಚ್ಚಿದ್ದರೆ, 2016ರ ರೇರಾ ಕಾಯ್ದೆಯಡಿ ನೋಂದಣಿ ಕಡ್ಡಾಯ. ಖರೀದಿದಾರರಿಂದ ಪಡೆದ ಹಣದ ಶೇ. 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಜಾರದ ನೆಲ, ಹಿಡಿಗಂಬಿ, ತುರ್ತು ಕರೆಗಂಟೆ, ವೈದ್ಯಕೀಯ ನೆರವು ಇವೆಯೇ? 2019ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾದರಿ ಮಾರ್ಗಸೂಚಿ ಇಂಥವನ್ನೆಲ್ಲ ಹೇಳುತ್ತದೆ. ಊಟ, ಆರೈಕೆಯ ಭರವಸೆ ಬಾಯಿಮಾತಿನಲ್ಲಿ ಉಳಿಯಬಾರದು, ಕರಾರಿನಲ್ಲಿ ಬರಬೇಕು.

ಇನ್ನು ಆ ಬೀಡಿ ಕಟ್ಟಿದ ತಾಯಿಯ ಪಾಲು? 2007ರ ರಾಷ್ಟ್ರೀಯ ನಗರ ವಸತಿ ನೀತಿ, ಪ್ರತಿ ಹೊಸ ವಸತಿ ಯೋಜನೆಯಲ್ಲೂ ಶೇ. 10ರಿಂದ 15ರಷ್ಟು ಜಾಗ ಅಥವಾ ಕಟ್ಟಡದ ಅನುಮತಿತ ವಿಸ್ತೀರ್ಣದ ಶೇ. 20ರಿಂದ 25, ಇವುಗಳಲ್ಲಿ ಹೆಚ್ಚಿನದು ಬಡವರಿಗೂ ಕಡಿಮೆ ಆದಾಯದವರಿಗೂ ಮೀಸಲಿರಬೇಕೆಂದಿತು. ಆದರೆ ನೀತಿ ಕಾನೂನಲ್ಲ. ರಾಜ್ಯಗಳು ನಿಯಮ ಮಾಡಿ ಜಾರಿಗೊಳಿಸಿದರೆ ಮಾತ್ರ ಅದು ಬಡವರ ಕೈಗೆ ಎಟಕುತ್ತದೆ. ಅದೇ ವರ್ಷದ ಹಿರಿಯ ನಾಗರಿಕರ ಕಾಯ್ದೆಯೂ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ತೆರೆಯಬಹುದು ಎನ್ನುತ್ತದೆ. 'ತೆರೆಯಲೇಬೇಕು' ಎನ್ನುವುದಿಲ್ಲ. ಬಡವರ ಮುಪ್ಪು ಸಿಲುಕಿರುವುದು ಈ ಎರಡು ಪದಗಳ ನಡುವೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮಕ್ಕಳು ನೋಡಿಕೊಳ್ಳದಿದ್ದರೆ ಇದೇ ಕಾಯ್ದೆಯಡಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಬಂಟ್ವಾಳ, ಮೂಡುಬಿದಿರೆಯವರು ಮಂಗಳೂರಿನ, ಬೆಳ್ತಂಗಡಿಯವರು ಪುತ್ತೂರಿನ ಸಹಾಯಕ ಆಯುಕ್ತರಿಗೆ ಅರ್ಜಿ ಕೊಡಬೇಕು. ಮನೆಯನ್ನು ಮಗನ ಹೆಸರಿಗೆ ಬರೆಯುವ ಉಮ್ಮಂದಿರೇ, 'ನನ್ನನ್ನು ಕೊನೆವರೆಗೂ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಷರತ್ತು ಮುರಿದರೆ ಆ ದಾನವನ್ನು ರದ್ದುಪಡಿಸಲು ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಷರತ್ತಿಲ್ಲದಿದ್ದರೆ ಈ ಕಲಂ ನೆರವಿಗೆ ಬಾರದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೆರವು, ಮಾಹಿತಿಗೆ 14567 ಸಂಖ್ಯೆಗೆ ಕರೆ ಮಾಡಬಹುದು.

ನಿಮ್ಮ ಊರಲ್ಲಿ ಹೊಸ ಬಡಾವಣೆ ಏಳುತ್ತಿದ್ದರೆ, ಮುಂದಿನ ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಎದ್ದು ನಿಂತು ಕೇಳಿ: 'ಇದರಲ್ಲಿ ಬಡ ಹಿರಿಯರಿಗೆ ಎಷ್ಟು ಮನೆ?' ಇಂದು ನೆರೆಮನೆಯ ಉಮ್ಮನಿಗಾಗಿ ಕೇಳುವ ಈ ಪ್ರಶ್ನೆ, ನಾಳೆ ನಮಗೂ ಬೇಕಾದೀತು.