ಕಾಡಿನ ಪಾಠಶಾಲೆ

ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ಪಶ್ಚಿಮದ ಅಂಚಿನಲ್ಲಿ ಟಾಂಗನೀಕ ಎಂಬ ವಿಶಾಲವಾದ ಸರೋವರವಿದೆ. ಅದರ ದಂಡೆಯ ಮೇಲೆ, ಕಡಿದಾದ ಗುಡ್ಡಗಳ ಹಾಗೂ ಹಸುರು ಕಣಿವೆಗಳ ನಡುವೆ ಗೋಂಬೆ ಎಂಬ ಅರಣ್ಯವು ಹಬ್ಬಿಕೊಂಡಿದೆ. 1960ರ ಜುಲೈ ತಿಂಗಳಿನಲ್ಲಿ 26 ವರ್ಷ ವಯಸ್ಸಿನ ಇಂಗ್ಲಿಷ್ ಮಹಿಳೆ ಜೇನ್ ಗುಡಾಲ್ ಅಲ್ಲಿಗೆ ಬಂದಿಳಿದರು. ಕಾಡಿನ ಚಿಂಪಾಂಜಿಗಳ ಬದುಕನ್ನು ಕಣ್ಣಾರೆ ಕಂಡು ಬರೆದಿಡುವುದು ಆಕೆಯ ಉದ್ದೇಶವಾಗಿತ್ತು. ಆಗ ಆಕೆಗೆ ವಿಶ್ವವಿದ್ಯಾನಿಲಯದ ಪದವಿಯೂ ಇರಲಿಲ್ಲ. ಒಂದು ದುರ್ಬೀನು, ಬರೆದುಕೊಳ್ಳಲು ಪುಸ್ತಕ, ಇವುಗಳೊಡನೆ ಅಪಾರವಾದ ತಾಳ್ಮೆ—ಇಷ್ಟೇ ಆಕೆಯ ಸಾಧನ ಸಾಮಗ್ರಿ.

ಮೊದಮೊದಲು ಚಿಂಪಾಂಜಿಗಳು ಆಕೆಯನ್ನು ದೂರದಿಂದ ಕಂಡೊಡನೆಯೇ ಓಡಿಹೋಗುತ್ತಿದ್ದವು. ಆದರೆ ಆಕೆ ಬೆನ್ನಟ್ಟಲಿಲ್ಲ, ಬೇಸರಪಡಲೂ ಇಲ್ಲ. ದಿನವೂ ಗುಡ್ಡದ ಮೇಲೆ ಕುಳಿತು ನೋಡುತ್ತಿದ್ದರು. ತಿಂಗಳುಗಳು ಉರುಳಿದಂತೆ ಆ ಪ್ರಾಣಿಗಳ ಅಂಜಿಕೆ ಕಡಿಮೆಯಾಯಿತು. ಅವುಗಳ ಬಾಳಿನ ಒಂದೊಂದೇ ಗುಟ್ಟು ಬಯಲಾಗತೊಡಗಿತು.

ಚಿಂಪಾಂಜಿಯು ಬಾಲವಿಲ್ಲದ ವಾನರ, ಸಮುದಾಯಜೀವಿ. ಹಗಲಿನಲ್ಲಿ ಸಮುದಾಯವು ಚಿಕ್ಕ ಚಿಕ್ಕ ತಂಡಗಳಾಗಿ ಚದರಿ ಹಣ್ಣು, ಎಲೆ, ಕೀಟಗಳನ್ನು ಅರಸುತ್ತ ಅಲೆಯುತ್ತದೆ. ಒಮ್ಮೊಮ್ಮೆ ಅವು ಸಣ್ಣ ಕೋತಿಗಳನ್ನು ಬೇಟೆಯಾಡಿ ತಿನ್ನುವುದೂ ಉಂಟು. ಅಗಲಿದ್ದವು ಮತ್ತೆ ಕೂಡಿದಾಗ ಒಂದನ್ನೊಂದು ಅಪ್ಪಿಕೊಳ್ಳುತ್ತವೆ, ಕೈ ಚಾಚಿ ಮುಟ್ಟುತ್ತವೆ. ಬಹಳ ಹೊತ್ತು ಕುಳಿತು ಪರಸ್ಪರ ಮೈಗೂದಲನ್ನು ಹೆಕ್ಕಿ ಶುಚಿಗೊಳಿಸುತ್ತವೆ. ಇರುಳು ಕವಿಯುವ ಮುನ್ನ ಮರದ ಕೊಂಬೆಗಳನ್ನು ಬಾಗಿಸಿ, ಹೆಣೆದು, ಗೂಡು ಕಟ್ಟಿ ಮಲಗುತ್ತವೆ. ಆದರೂ ಅವು ಕೇವಲ ಸಾಧುಪ್ರಾಣಿಗಳೆಂದು ತಿಳಿಯಬಾರದು. 1974ರಿಂದ 1978ರವರೆಗೆ ಗೋಂಬೆಯ ಒಂದು ಸಮುದಾಯದ ಗಂಡುಗಳು, ತಮ್ಮಿಂದ ಬೇರ್ಪಟ್ಟುಹೋಗಿದ್ದ ಹಳೆಯ ಸಂಗಾತಿಗಳನ್ನು ಒಬ್ಬೊಂಟಿಯಾಗಿ ಸಿಕ್ಕಲ್ಲೆಲ್ಲ ಮುತ್ತಿ ಕೊಂದವು. ಮಮತೆಯಂತೆಯೇ ಕ್ರೌರ್ಯವೂ ಅವುಗಳಲ್ಲಿದೆ.

1960ರ ನವೆಂಬರಿನಲ್ಲಿ ಜೇನ್ ಅವರು ಕಂಡ ಒಂದು ದೃಶ್ಯವು ಜಗತ್ಪ್ರಸಿದ್ಧವಾಯಿತು. ಡೇವಿಡ್ ಗ್ರೇಬಿಯರ್ಡ್ ಎಂದು ಅವರು ಹೆಸರಿಟ್ಟಿದ್ದ, ಗದ್ದದ ಕೂದಲು ನರೆತ ಗಂಡು ಚಿಂಪಾಂಜಿಯೊಂದು ಗೆದ್ದಲಿನ ಹುತ್ತದ ಬಳಿ ಕುಳಿತಿತ್ತು. ಅದು ಹುಲ್ಲುಕಡ್ಡಿಯೊಂದನ್ನು ಹುತ್ತದ ರಂಧ್ರದೊಳಗೆ ತೂರಿಸಿ, ಸ್ವಲ್ಪ ಹೊತ್ತು ಕಾದು, ಮೆಲ್ಲನೆ ಹೊರಗೆಳೆಯಿತು. ಕಡ್ಡಿಯನ್ನು ಕಚ್ಚಿ ಹಿಡಿದಿದ್ದ ಗೆದ್ದಲುಗಳನ್ನು ತುಟಿಗಳಿಂದ ಸವರಿ ತಿಂದಿತು. ಚಿಂಪಾಂಜಿಗಳು ಎಲೆತುಂಬಿದ ರೆಂಬೆಯನ್ನು ಮುರಿದು, ಎಲೆಗಳನ್ನು ಕಿತ್ತು, ತಕ್ಕ ಕಡ್ಡಿಯನ್ನು ಸಿದ್ಧಪಡಿಸಿಕೊಳ್ಳುವುದನ್ನೂ ಆಕೆ ಕಂಡರು. ಉಪಕರಣವನ್ನು ತಯಾರಿಸಬಲ್ಲ ಜೀವಿ ಮಾನವನೊಬ್ಬನೇ ಎಂದು ಅಲ್ಲಿಯವರೆಗೆ ವಿದ್ವಾಂಸರು ನಂಬಿದ್ದರು. ಆ ನಂಬಿಕೆ ಅಂದಿಗೆ ಕುಸಿಯಿತು.

ಈ ವಿದ್ಯೆ ಚಿಂಪಾಂಜಿಗೆ ಎಲ್ಲಿಂದ ಬಂತು? ಇದು ಹುಟ್ಟಿನಿಂದ ಬಂದುದಲ್ಲ, ನೋಡಿ ಕಲಿತುದು. ಮರಿಯು 4–5 ವರ್ಷಗಳವರೆಗೆ ತಾಯಿಯ ಹಾಲನ್ನುಣ್ಣುತ್ತದೆ. ಅವಳ ಗೂಡಿನಲ್ಲಿಯೇ ಮಲಗುತ್ತದೆ. ತಾಯಿ ಹುತ್ತದ ಬಳಿ ಕುಳಿತಾಗ ಅದೂ ಪಕ್ಕದಲ್ಲಿ ಕುಳಿತು ದೃಷ್ಟಿಸುತ್ತದೆ. ಅವಳು ಬಿಸುಟ ಕಡ್ಡಿಯನ್ನು ಎತ್ತಿಕೊಂಡು ತಾನೂ ತೂರಿಸಲು ಹೆಣಗುತ್ತದೆ. ಆಟದಲ್ಲಿ ಹೊತ್ತು ಕಳೆಯುವ ಗಂಡುಮರಿಗಳಿಗಿಂತ, ತಾಯಿಯನ್ನೇ ಗಮನವಿಟ್ಟು ನೋಡುವ ಹೆಣ್ಣುಮರಿಗಳು ಸುಮಾರು 2 ವರ್ಷ ಮೊದಲೇ ಈ ಕೌಶಲವನ್ನು ಸಾಧಿಸುತ್ತವೆ.

ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ತಾಯ್ ಅರಣ್ಯದಲ್ಲಿ ಚಿಂಪಾಂಜಿಗಳು ಗಟ್ಟಿ ಕಾಯಿಗಳನ್ನು ಬೇರಿನ ಮೇಲಿಟ್ಟು, ಕಲ್ಲಿನಿಂದಲೋ ಮರದ ತುಂಡಿನಿಂದಲೋ ಜಜ್ಜಿ ಒಡೆಯುತ್ತವೆ. ಅದನ್ನು ಕಲಿಯಲು ಮರಿಗೆ ಹಲವು ವರ್ಷಗಳೇ ಬೇಕು. ಗೋಂಬೆಯಲ್ಲಿಯೂ ಎಣ್ಣೆತಾಳೆಯ ಮರಗಳಿವೆ, ಕಲ್ಲುಗಳಿವೆ. ಆದರೆ ಅಲ್ಲಿಯ ಚಿಂಪಾಂಜಿಗಳು ಹಣ್ಣಿನ ತಿರುಳನ್ನು ತಿಂದು ಬೀಜವನ್ನು ಬಿಟ್ಟುಬಿಡುತ್ತವೆ. ಒಂದೊಂದು ಕಾಡಿಗೂ ಒಂದೊಂದು ಸಂಪ್ರದಾಯ; ತಾಯಿಯೇ ಅದರ ಮೊದಲ ಗುರು.

ಆ ಗುರುವು ಅಗಲಿದರೆ ಏನಾಗುತ್ತದೆ? ಗೋಂಬೆಯಲ್ಲಿ ಫ್ಲೋ ಎಂಬ ಮುದಿ ತಾಯಿ, ಫ್ಲಿಂಟ್ ಎಂಬ ಅವಳ ಮಗ ಇದ್ದವು. 1972ರಲ್ಲಿ ಫ್ಲೋ ತೊರೆಯೊಂದರ ಬಳಿ ಸತ್ತುಬಿದ್ದಳು. ಆಗ ಫ್ಲಿಂಟನಿಗೆ ಎಂಟೂವರೆ ವರ್ಷ; ತಾನಾಗಿ ಮೇವು ಹುಡುಕಬಲ್ಲ ವಯಸ್ಸು. ಆದರೂ ಅವನು ಆಹಾರವನ್ನು ತೊರೆದು, ಗುಂಪಿನಿಂದ ದೂರವಾಗಿ ಕುಗ್ಗಿಹೋದನು. ತಿಂಗಳು ತುಂಬುವುದರೊಳಗೆ, ತಾಯಿ ಸತ್ತ ಸ್ಥಳದ ಸಮೀಪದಲ್ಲಿಯೇ ಪ್ರಾಣ ಬಿಟ್ಟನು.

ಫ್ಲೋ ಮುಪ್ಪಿನಿಂದ ಸತ್ತಳು. ಆದರೆ ಇಂದು ಆಫ್ರಿಕದ ಅನೇಕ ಕಡೆ ತಾಯಿಯರು ಬಂದೂಕಿಗೆ ಬಲಿಯಾಗುತ್ತಿವೆ. ಮರಿಯನ್ನು ಹಿಡಿದು ಮಾರಲು ಬಯಸುವ ಬೇಟೆಗಾರನು ಮೊದಲು ತಾಯಿಯನ್ನು ಕೊಲ್ಲುತ್ತಾನೆ. ಮಾಂಸಕ್ಕಾಗಿಯೂ ಬೇಟೆ ನಡೆದಿದೆ. ಕಾಡುಗಳು ಕಡಿದು ಬಯಲಾಗುತ್ತಿವೆ. ಚಿಂಪಾಂಜಿಯು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿದೆ.

ಜೇನ್ ಗುಡಾಲ್ ಅವರು 2025ರ ಅಕ್ಟೋಬರ್ 1ರಂದು, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಊರೂರು ಸುತ್ತಿ ಈ ಪ್ರಾಣಿಗಳ ಪರವಾಗಿ ಮಾತನಾಡುತ್ತಿದ್ದರು. ಅನಾಥ ಮರಿಯನ್ನು ಮನುಷ್ಯನು ಹಾಲೆರೆದು ಸಾಕಬಹುದು. ಆದರೆ ಯಾವ ಹಣ್ಣು ಎಂದು ಮಾಗುತ್ತದೆ, ಯಾವ ಹುತ್ತಕ್ಕೆ ಎಂತಹ ಕಡ್ಡಿ ಬೇಕು ಎಂಬುದನ್ನು ತಾಯಿಯಂತೆ ಕಲಿಸಲು ಅವನಿಂದಾಗದು. ಆದುದರಿಂದ ಚಿಂಪಾಂಜಿಯನ್ನು ಉಳಿಸಬೇಕೆಂಬವರು ತಾಯಿಯನ್ನೂ ಮರಿಯನ್ನೂ ಒಟ್ಟಿಗೆ, ಅವುಗಳ ಕಾಡಿನಲ್ಲಿಯೇ ಉಳಿಸಬೇಕು.